ನರಗುಂದದ ಗಾದಿ ಯಾವುದರ ಮೇಲೆ ನಿಂತಿತ್ತು?

ನರಗುಂದದ ಬಾಬಾಸಾಹೇಬರ ಬಂಡಾಯ, ಅವರಿಗಾದ ಗಲ್ಲು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಗಾದಿಯ ಮೇಲೆ ಕೂತ ಭಾವೆ ಮನೆತನದವರು ತಲೆತಲಾಂತರ ಮಾಡುತ್ತಿದ್ದ ಕೆಲಸ ಏನು ಎಂದು ಕೇಳುವವರು ಕಡಿಮೆ.

ಸಂಸ್ಥಾನಿಕ ಪೂರ್ತಿ ಅರಸನಲ್ಲ, ಬರೀ ಅಧಿಕಾರಿಯೂ ಅಲ್ಲ. ಹಳ್ಳಿಗಳ ಕಂದಾಯ ಎತ್ತುವುದು, ಗೌಡ-ಕುಲಕರ್ಣಿಗಳ ಲೆಕ್ಕ ನೋಡುವುದು, ತಂಟೆ-ತಕರಾರು ಬಗೆಹರಿಸುವುದು, ಕೋಟೆಗೆ ಶಿಬಂದಿ ಇಡುವುದು ಅವನ ಪಾಲಿನವು. ಮೇಲಿನ ದೊರೆಗೆ ವರ್ಷಾವರ್ಷ ಖಂಡಣಿ ಕಟ್ಟಬೇಕು. ಅಪ್ಪನ ನಂತರ ಮಗ ಎಂಬುದು ರೂಢಿಯೇ, ಆದರೂ ಮೇಲಿನವರ ಮನ್ನಣೆ ಬೇಕು. ದೊರೆ ಬದಲಾದರೆ ಮಾತುಕತೆ ಮತ್ತೆ ಮೊದಲಿನಿಂದ.

ವೆಂಕಟರಾವ್ ಭಾವೆಗೆ ಆದದ್ದು ಇದೇ. 1778ರಲ್ಲಿ ಈ ಸೀಮೆ ಹೈದರಲಿಯ ಕೈಸೇರಿದಾಗ, ಅವನ ಹಿರಿತನ ಒಪ್ಪಿ, ರೂಢಿಯ ಖಂಡಣಿ ಕೊಡುತ್ತೇನೆಂದು ಊರು ಉಳಿಸಿಕೊಂಡ. ಟಿಪ್ಪು ಬಂದವನೇ ಹೆಚ್ಚಿಗೆ ಕೇಳಿದ. ವೆಂಕಟರಾವ್ ಪುಣೆಯ ಪೇಶ್ವೆಯ ಕದ ತಟ್ಟಿದ. ರೂಢಿಯ ಖಂಡಣಿ ಟಿಪ್ಪುವಿನ ಹಕ್ಕು, ಅದರ ಮೇಲೆ ಒಂದು ಕಾಸೂ ಇಲ್ಲ ಎಂದು ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ ವಾದಿಸಿದ. ನನ್ನ ಪ್ರಜೆಯಿಂದ ಎಷ್ಟು ಎತ್ತಬೇಕೆಂಬುದು ನನ್ನಿಷ್ಟ ಎಂದು ಟಿಪ್ಪು ಉತ್ತರ ಕೊಟ್ಟ. ಇಡೀ ಜಗಳ ಇಷ್ಟೇ: ನರಗುಂದದವನು ಕರಾರಿನ ಪಾಲುದಾರನೋ, ಪ್ರಜೆಯೋ? 1785ರಲ್ಲಿ ಟಿಪ್ಪುವಿನ ಸೈನ್ಯ ಕೋಟೆ ಹಿಡಿಯಿತು, ವೆಂಕಟರಾವ್ ಕಬ್ಬಾಳದುರ್ಗದ ಸೆರೆ ಕಂಡ.

ಈ ಸಣ್ಣ ಗಾದಿಯ ತಕರಾರೂ ಸೇರಿ ಮರಾಠರು-ನಿಜಾಮರು ಒಂದು ಕಡೆ, ಟಿಪ್ಪು ಇನ್ನೊಂದು ಕಡೆ ನಿಂತು ಯುದ್ಧವಾಯಿತು. 1787ರ ಗಜೇಂದ್ರಗಡ ಒಪ್ಪಂದದಿಂದ ಬಾದಾಮಿ, ಕಿತ್ತೂರು, ನರಗುಂದ ಮರಾಠರ ಕಡೆಗೆ ಹೋದವು. ಊರುಗಳು ಕೈಬದಲಾಗಿದ್ದು ದೊಡ್ಡವರ ಲೆಕ್ಕದಲ್ಲಿ. ಸಂಸ್ಥಾನಿಕರ ಚೌಕಾಸಿಗೆ ಇದ್ದ ಎಲ್ಲೆ ಅಷ್ಟೇ.

1818ರಲ್ಲಿ ಪೇಶ್ವೆ ಬಿದ್ದ ಮೇಲೆ ಕಂಪನಿಯ ಜೊತೆ ಹೊಸ ಕರಾರು. ಕೊನೆಗೆ ಗಂಟು ಬಿದ್ದದ್ದು ದತ್ತಕದಲ್ಲಿ. ಧರ್ಮಶಾಸ್ತ್ರದ ಪ್ರಕಾರ ದತ್ತುಮಗ ಮಗನೇ. ಮನೆಯ ಸ್ವಂತ ಆಸ್ತಿ ಅವನಿಗೆ ಹೋಗಲಿ, ಗಾದಿಗೆ ಮಾತ್ರ ನಮ್ಮ ಅಪ್ಪಣೆ ಬೇಕು ಎಂಬುದು ಕಂಪನಿಯ ವರಸೆ. ಗಂಡು ಸಂತಾನವಿಲ್ಲದ ಭಾಸ್ಕರರಾವ್, ಅಂದರೆ ಬಾಬಾಸಾಹೇಬ, ಅಪ್ಪಣೆ ಕೇಳಿದರು, ಸಿಗಲಿಲ್ಲ. ಖಂಡಣಿಯಾದರೆ ಹೆಚ್ಚು ಕಡಿಮೆ ಮಾಡಿ ಮುಗಿಸಬಹುದು. ವಾರಸುದಾರನೇ ಇಲ್ಲವೆಂದ ಮೇಲೆ ಚೌಕಾಸಿಗೆ ಏನು ಉಳಿಯಿತು? 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಂಡೆದ್ದ ಬಾಬಾಸಾಹೇಬರ ಕಡೆಯವರಿಂದ ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು.

ಅದೇ ವರ್ಷದ ನವೆಂಬರ್ 1ರಂದು ರಾಣಿ ವಿಕ್ಟೋರಿಯಾ, ಸಂಸ್ಥಾನಿಕರ ಜೊತೆಗಿನ ಕರಾರುಗಳನ್ನು ಪಾಲಿಸುತ್ತೇವೆಂದು ಘೋಷಿಸಿದಳು. ಮುಂದೆ ವೈಸರಾಯ್ ಕ್ಯಾನಿಂಗ್ ದತ್ತಕದ ಸನದುಗಳನ್ನು ಹಂಚಿದ. ನಾಲ್ಕು ವರ್ಷ ಮೊದಲೇ ಇದಾಗಿದ್ದರೆ ನರಗುಂದದ ಚರಿತ್ರೆ ಬೇರೆಯೇ ಇರುತ್ತಿತ್ತು ಎಂದು ನನಗನಿಸುತ್ತದೆ. ಬಾಬಾಸಾಹೇಬರ ಮಲಸಹೋದರನ ರಾಮದುರ್ಗಕ್ಕೆ ಆ ಹಕ್ಕು ಸಿಕ್ಕಿತು. ಮ್ಯಾನ್ಸನ್‌ಗೆ ಮುನ್ನೆಚ್ಚರಿಕೆ ಕೊಟ್ಟವರೂ ಅವರೇ. ರಾಮದುರ್ಗದ ಗಾದಿ 1948ರ ವಿಲೀನದವರೆಗೆ ಉಳಿಯಿತು. ವಿಲೀನದ ಪತ್ರಕ್ಕೆ ಸಹಿ ಹಾಕಿದ್ದಕ್ಕೆ ಬದಲಾಗಿ ಸಂಸ್ಥಾನಿಕರಿಗೆ ರಾಜಧನ ಸಿಕ್ಕಿತು. 1971ರ ಸಂವಿಧಾನ ತಿದ್ದುಪಡಿ ಅದನ್ನೂ ನಿಲ್ಲಿಸಿತು.