ಪಾಲು ಕೂಡಿಸಿದ ಕೌಂಟಿಗಳು

1996ರಲ್ಲಿ ಅಮೆರಿಕದ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಒಪಿಯಾಯ್ಡ್ ಎಂದು ಕರೆಯುವ ಅಫೀಮಿನ ಬಳಗದ ಈ ಔಷಧಿಯಿಂದ ಚಟ ಹತ್ತುವುದು ಅಪರೂಪ ಎಂದು ವೈದ್ಯರನ್ನು ನಂಬಿಸಲಾಯಿತು. ಮಾತ್ರೆ ಸಿಗದಾದಾಗ ಹಲವರು ಅದೇ ಬಳಗದ ಹೆರಾಯಿನ್‌ಗೆ, ಆಮೇಲೆ ಫೆಂಟನಿಲ್‌ಗೆ ಜಾರಿದರು. 2022ರಲ್ಲಿ ಅಮೆರಿಕದಲ್ಲಿ ಒಪಿಯಾಯ್ಡ್‌ಗಳಿಂದ ಸತ್ತವರು 80,000ಕ್ಕೂ ಹೆಚ್ಚು.

ಆಂಬುಲೆನ್ಸ್, ಜೈಲು, ಶವಾಗಾರ, ಅನಾಥವಾದ ಮಕ್ಕಳ ಪಾಲನೆ, ಇವೆಲ್ಲದರ ಖರ್ಚು ಬಿದ್ದದ್ದು ಬಹುಮಟ್ಟಿಗೆ ಕೌಂಟಿ (ಅಲ್ಲಿನ ಜಿಲ್ಲೆ), ಪಟ್ಟಣಗಳ ತಲೆಯ ಮೇಲೆ. ಅವು ಔಷಧಿ ಕಂಪನಿಗಳ ವಿರುದ್ಧ ಸಾವಿರಾರು ಸಂಖ್ಯೆಯಲ್ಲಿ ಕೋರ್ಟಿಗೆ ಹೋದವು. 2021ರಲ್ಲಿ ಮೂರು ದೊಡ್ಡ ಔಷಧಿ ವಿತರಕ ಕಂಪನಿಗಳೂ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೂ 2,600 ಕೋಟಿ ಡಾಲರ್ ಕೊಡಲು ರಾಜಿಯಾದವು. ವಿತರಕರ ಪಾಲಿನ 2,100 ಕೋಟಿ ಬರುವುದು 18 ವರ್ಷಗಳ ಕಂತಿನಲ್ಲಿ. ಹಣದಲ್ಲಿ ಶೇ. 85ರಷ್ಟಾದರೂ ಈ ಪಿಡುಗನ್ನು ತಗ್ಗಿಸಲಿಕ್ಕೇ ಹೋಗಬೇಕೆಂಬ ಷರತ್ತಿದೆ. 1998ರಲ್ಲಿ ತಂಬಾಕು ಕಂಪನಿಗಳ ಜೊತೆಗಾದ ಇಂಥದೇ ರಾಜಿಯ ಹಣವನ್ನು ರಾಜ್ಯಗಳು ಬಜೆಟ್ಟಿನ ತೂತು ಮುಚ್ಚಲು ಬಳಸಿದ್ದನ್ನು ಕಂಡವರು ಹಾಕಿದ ಷರತ್ತು ಇದು.

ಆದರೆ ಜನಸಂಖ್ಯೆ, ಸಾವಿನ ಲೆಕ್ಕ ನೋಡಿ ಹಂಚಿದಾಗ ಸಣ್ಣ ಕೌಂಟಿಗೆ ದಕ್ಕುವುದು ಚಿಲ್ಲರೆ. ಅದರಲ್ಲಿ ಒಬ್ಬ ನರ್ಸ್‌ಗೆ ವರ್ಷದ ಸಂಬಳ ಕೊಡುವುದೂ ಕಷ್ಟ. ರೋಗಿಗಳನ್ನು ಉಳಿಸಿಕೊಳ್ಳುವ ಚಿಕಿತ್ಸಾ ಕೇಂದ್ರಕ್ಕೋ ಹಗಲಿರುಳು ಸಿಬ್ಬಂದಿ ಬೇಕು. ರೋಗಿ ಹತ್ತಿರಲಿ, ನಲವತ್ತಿರಲಿ, ರಾತ್ರಿ ಪಾಳಿಯಂತೂ ತಪ್ಪದು.

ಕೊಲೊರಾಡೊ ರಾಜ್ಯ ಇದಕ್ಕೊಂದು ದಾರಿ ಹುಡುಕಿತು. ಬಂದ ಹಣದಲ್ಲಿ ಶೇ. 60ನ್ನು ಕೌಂಟಿಗಳಿಗೆ ನೇರವಾಗಿ ಕೊಡದೆ 19 ಪ್ರಾದೇಶಿಕ ಮಂಡಳಿಗಳಿಗೆ ವಹಿಸಿತು. ಸ್ಥಳೀಯ ಸರ್ಕಾರಗಳಿಗೆ ನೇರವಾಗಿ ಹೋಗುವುದು ಶೇ. 20 ಮಾತ್ರ, ಬೇಕಿದ್ದರೆ ಅದನ್ನೂ ಪ್ರದೇಶದ ಗಂಟಿಗೆ ಸೇರಿಸಬಹುದು. ಡೆನ್ವರ್ ನಗರವೊಂದೇ ಒಂದು ಪ್ರದೇಶ. ದಕ್ಷಿಣದ ಸ್ಯಾನ್ ಲೂಯಿಸ್ ಕಣಿವೆಯಲ್ಲಿ ಆರು ಕೌಂಟಿಗಳು ಸೇರಿ ಒಂದು ಪ್ರದೇಶ. ಅವುಗಳಲ್ಲೊಂದಾದ ಮಿನರಲ್ ಕೌಂಟಿಯ ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ವರ್ಜೀನಿಯಾದ್ದು ಬೇರೆ ಉಪಾಯ: ಕನಿಷ್ಠ ಎರಡು ಊರಾಡಳಿತಗಳು ಕೈಜೋಡಿಸಿದ ಯೋಜನೆಗಳಿಗೆಂದೇ ಅಲ್ಲಿ ಒಂದು ಪಾಲು ಮೀಸಲು.

ಕೂಡಿಸುವುದೆಂದರೆ ಬಿಟ್ಟುಕೊಡುವುದೂ ಹೌದು. ತನ್ನೂರಿನ ಸತ್ತವರ ಲೆಕ್ಕದ ಮೇಲೆ ಬಂದ ಹಣದಲ್ಲಿ ಪಕ್ಕದೂರಿನಲ್ಲಿ ಕಟ್ಟಡ ಎದ್ದರೆ ಯಾವ ಜನಪ್ರತಿನಿಧಿ ತಾನೇ ಸುಮ್ಮನಿದ್ದಾನು? ಕಟ್ಟಡವಾದರೆ ಉದ್ಘಾಟನೆ ಮಾಡಬಹುದು, ನರ್ಸ್‌ನ ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ನನ್ನ ಮಟ್ಟಿಗೆ ಸಂಬಳವೇ ಮೊದಲು. ಚಟದ ಹಂಬಲ ತಗ್ಗಿಸುವ ಬ್ಯುಪ್ರೆನಾರ್ಫಿನ್ ಔಷಧಿಯನ್ನು ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು ಅಮೆರಿಕದ ಸಂಸತ್ತು 2022ರ ಕೊನೆಗೆ ತೆಗೆದುಹಾಕಿದೆ. ಅಂದಮೇಲೆ ಹಳ್ಳಿಯ ಸಾಮಾನ್ಯ ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ಶುರುವಾಗಬಹುದು. ಚಟಕ್ಕೆ ಕೊಡುವ ಮೆಥಡೋನ್ ಮಾತ್ರ ಈಗಲೂ ಅದಕ್ಕೆಂದೇ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಸಿಗುವುದು. ಅದನ್ನು ನೆಚ್ಚಿಕೊಂಡ ಹಳ್ಳಿಗರಿಗೆ ಆ ಕೇಂದ್ರಕ್ಕೆ ಹೋಗಿಬರಲು ಕೂಡಿಸಿದ ಹಣದಿಂದ ಮೊದಲು ಆಗಬೇಕಾದ ಉಪಕಾರ ಒಂದು ವ್ಯಾನು, ಅದಕ್ಕೊಬ್ಬ ಚಾಲಕ.