ಒಡೆತನ ಒಂದು, ತಂಡಗಳು ಎರಡು

ಆಡಿದ 154 ಪಂದ್ಯಗಳಲ್ಲಿ 134ನ್ನು ಸೋತ ತಂಡವೆಂದರೆ ನೀವು ನಕ್ಕೀರಿ. 1899ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ‘ಸ್ಪೈಡರ್ಸ್’ ಎಂಬ ಬೇಸ್‌ಬಾಲ್ ತಂಡಕ್ಕೆ ಈ ಗತಿ ಒದಗಿತು. ಆದರೆ ಇದರಲ್ಲಿ ಆಟಗಾರರ ತಪ್ಪು ಕಡಮೆ.

ಹಿಂದಿನ ವರ್ಷ ಇದೇ ತಂಡ 81 ಪಂದ್ಯಗಳನ್ನು ಗೆದ್ದಿತ್ತು. ಅದರ ಒಡೆಯರಾದ ರಾಬಿಸನ್ ಸಹೋದರರು 1899ರಲ್ಲಿ ಸೇಂಟ್ ಲೂಯಿಸ್ ನಗರದ ತಂಡವನ್ನೂ ಕೊಂಡರು. ಒಂದೇ ಲೀಗಿನ ಎರಡು ತಂಡಗಳನ್ನು ಒಬ್ಬರೇ ಇಟ್ಟುಕೊಳ್ಳಲು ಆಗ ಅಡ್ಡಿಯಿರಲಿಲ್ಲ. ಅಲ್ಲಿ ಹೆಚ್ಚು ಜನ ಸೇರುವರೆಂದು ಎಣಿಸಿ, ಚೆಂಡೆಸೆತಕ್ಕೆ ಹೆಸರಾದ ಸೈ ಯಂಗ್ ಮೊದಲಾದ ಉತ್ತಮ ಆಟಗಾರರನ್ನು ಅಲ್ಲಿಗೆ ಸಾಗಿಸಿದರು. ಕ್ಲೀವ್‌ಲ್ಯಾಂಡಿಗೆ ಉಳಿದದ್ದು ಹೆಚ್ಚುಕಡಮೆ ಹೆಸರು ಮಾತ್ರ.

ಊರಿನ ಜನ ಆಟ ನೋಡಲು ಬರುವುದನ್ನೇ ಬಿಟ್ಟರು. ಟಿಕೆಟ್ ಹಣದ ಪಾಲು ಪ್ರಯಾಣದ ಖರ್ಚಿಗೂ ಸಾಲದೆಂದು ಎದುರಾಳಿಗಳು ಅಲ್ಲಿಗೆ ಬರಲೊಪ್ಪಲಿಲ್ಲ. ಹೀಗಾಗಿ ಸ್ಪೈಡರ್ಸ್ 112 ಪಂದ್ಯಗಳನ್ನು ಪರಸ್ಥಳಗಳಲ್ಲೇ ಆಡಬೇಕಾಯಿತು. ಅವುಗಳಲ್ಲಿ 101 ಸೋಲು. ಒಮ್ಮೆಯಂತೂ ಸತತವಾಗಿ 24 ಸೋಲು!

ಇಷ್ಟಾಗಿ ಸೇಂಟ್ ಲೂಯಿಸಿಗೆ ದಕ್ಕಿದ್ದು ಐದನೆಯ ಸ್ಥಾನ. ವರ್ಷ ಮುಗಿದ ಮೇಲೆ ಲೀಗು 12 ತಂಡಗಳನ್ನು 8ಕ್ಕೆ ಇಳಿಸಿತು. ಸ್ಪೈಡರ್ಸ್ ಅಲ್ಲಿಗೆ ಮುಗಿಯಿತು.

ದುರ್ಬಲ ತಂಡ ಸೋತರೆ ಆಟ ಕೆಡದು. ಗೆಲ್ಲಬೇಕೆಂಬ ಆಸೆ ಒಡೆಯನಿಗೇ ಇಲ್ಲವಾದರೆ ಆಟವೇ ಸುಳ್ಳಾಗುತ್ತದೆ. ಅಮೆರಿಕದ ದೊಡ್ಡ ಲೀಗುಗಳಲ್ಲಿ ಇಂದು ಒಬ್ಬರೇ ಎರಡು ತಂಡಗಳನ್ನು ಹೊಂದುವಂತಿಲ್ಲ.