ನೆರೆಯ ಕೆಸರು ಮುಳುಗದ ಸರೋವರ

ಸರೋವರದ ತಳದಲ್ಲಿ ಕೆಳಗೆ ಮರಳು, ಮೇಲೆ ಹೋದಂತೆ ನುಣ್ಣನೆಯ ಜೇಡಿ ಇರುವ ಪದರ ಸಿಕ್ಕಿದರೆ, ಕದಡಿದ ನೀರು ತನ್ನ ತೂಕಕ್ಕೇ ಇಳಿಜಾರಿನಲ್ಲಿ ಧಾವಿಸಿ ಬಂದು ಅಲ್ಲಿ ನಿಂತಿದೆ ಎಂದು ಭೂವಿಜ್ಞಾನಿಗಳು ಊಹಿಸುತ್ತಾರೆ. ದಪ್ಪ ಕಣ ಮೊದಲು ಕೂರುತ್ತದೆ, ಸಣ್ಣದು ಆಮೇಲೆ. ಸಿಹಿನೀರಿನಲ್ಲಿ ಇಂಥ ಪ್ರವಾಹವನ್ನು ನದಿಯೇ ಹುಟ್ಟಿಸಬಲ್ಲದು. ಜಿನೀವಾ ಸರೋವರಕ್ಕೆ ಬೀಳುವ ರೋನ್ ನದಿಯ ತಣ್ಣನೆಯ ಕೆಸರು ನೀರು ತಳ ಹಿಡಿದು ಸಾಗುವುದನ್ನು ಸ್ವಿಸ್ ವಿಜ್ಞಾನಿ ಫೋರೆಲ್ 19ನೆಯ ಶತಮಾನದಲ್ಲೇ ಗುರುತಿಸಿದ್ದರು. ಹಾಗಾಗಿ ಇಂಥ ಪ್ರತಿ ಪದರವನ್ನೂ ಒಂದು ದೊಡ್ಡ ನೆರೆಯೆಂದು ಎಣಿಸಲು ಮನಸ್ಸಾಗುತ್ತದೆ. ಆದರೆ ಉಪ್ಪಿನ ಸರೋವರಗಳಲ್ಲಿ ಆ ಎಣಿಕೆಯನ್ನು ನಂಬಬಾರದು.

ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರವನ್ನೇ ನೋಡಿ. ಅದರ ಒಂದು ಲೀಟರ್ ನೀರು ಸುಮಾರು 1.24 ಕಿಲೋ ತೂಗುತ್ತದೆ. ನೆರೆಯ ಸಿಹಿನೀರು ಇದರಡಿ ನುಗ್ಗಬೇಕಾದರೆ ಲೀಟರಿಗೆ ಹತ್ತಿರಹತ್ತಿರ 400 ಗ್ರಾಂ ಹೂಳು ಹೊತ್ತಿರಬೇಕು. ಸಾಮಾನ್ಯ ನೆರೆಯಲ್ಲಿ ಅಷ್ಟು ಹೂಳು ಇರುವುದಿಲ್ಲ. ಹಾಗಾಗಿ ನೆರೆಯ ನೀರು ಎಣ್ಣೆಯಂತೆ ಮೇಲೆ ಹರಡಿ, ಜೇಡಿಯನ್ನು ಮೆಲ್ಲಗೆ ಉದುರಿಸುತ್ತದೆ. ಸುಮಾರು 70,000ದಿಂದ 14,000 ವರ್ಷಗಳ ಹಿಂದಿನವರೆಗೆ ಇಲ್ಲೇ ಹರಡಿದ್ದ ಲಿಸಾನ್ ಸರೋವರದಲ್ಲಿ ಈ ಉದುರಿದ ಜೇಡಿ ಕಪ್ಪು ಎಳೆಯಾಯಿತು. ನೆರೆ ತಂದ ಬೈಕಾರ್ಬನೇಟು ಸರೋವರದ ಕ್ಯಾಲ್ಸಿಯಂ ಜೊತೆ ಕೂಡಿ ಅರಗೊನೈಟ್ ಎಂಬ ಸುಣ್ಣದ ಖನಿಜದ ಬಿಳಿ ಎಳೆಯಾಯಿತು. ಮಿಲಿಮೀಟರಿನಷ್ಟು ತೆಳುವಾದ ಈ ಜೋಡಿ ಎಳೆಗಳೇ ಮಳೆಗಾಲಗಳ ನಿಜವಾದ ದಾಖಲೆ. ಹಾಗಿದ್ದರೆ ಅವುಗಳ ನಡುವೆ ಸಿಗುವ ದಪ್ಪ ಪದರಗಳು ಎಲ್ಲಿಂದ ಬಂದವು? 2010–11ರಲ್ಲಿ ಮೃತ ಸಮುದ್ರದಲ್ಲಿ ಸುಮಾರು 300 ಮೀಟರ್ ನೀರಿನಡಿ ಕೊರೆದು ತೆಗೆದ, 450 ಮೀಟರಿಗೂ ಉದ್ದದ, 2,20,000 ವರ್ಷಗಳ ಹೂಳಿನಲ್ಲೂ ಅವು ಇವೆ. ನನಗೆ ಒಪ್ಪುವ ಉತ್ತರ ಒಂದೇ: ದಂಡೆಯ ಇಳಿಜಾರಿನಲ್ಲಿ ಆಗಲೇ ಕೂತಿದ್ದ ಕೆಸರು ಕುಸಿದಿದೆ. ಆ ಕೆಸರಿನ ಸಂದುಗಳಲ್ಲಿರುವುದೂ ಅದೇ ಉಪ್ಪುನೀರು. ಹಾಗಾಗಿ ಕದಡಿದ ಕೂಡಲೇ ಅದು ಸುತ್ತಲ ನೀರಿಗಿಂತ ಭಾರವಾಗಿ ತಳದ ಕಡೆಗೆ ಹರಿಯುತ್ತದೆ.

ಸರೋವರದ ಮೇಲ್ಭಾಗದ ನೀರು ಎಲ್ಲ ಕಾಲದಲ್ಲೂ ಇಷ್ಟು ಉಪ್ಪಾಗಿರಲಿಲ್ಲವಲ್ಲ, ಆಗ ನದಿಯ ಕೆಸರು ಮುಳುಗಿರಬಹುದಲ್ಲ ಎಂದು ಕೇಳಬಹುದು. ಮುಳುಗಿರಬಹುದು, ಆದರೆ ಕೆಳಗಿನ ಭಾರದ ಉಪ್ಪುನೀರು ಎದುರಾದಲ್ಲಿ ಅದು ನಿಂತು ಅಡ್ಡಡ್ಡ ಹರಡಬೇಕು, ಮರಳನ್ನು ನಡುಗುಂಡಿಗೆ ಒಯ್ಯಲಾರದು. ಈ ಕುಸಿತಗಳನ್ನು ಭೂಕಂಪದ ಗುರುತೆಂದು ಓದುವುದಕ್ಕೆ ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಕುಸಿತಕ್ಕೆ ಭೂಕಂಪವೇ ಬೇಕಿಲ್ಲ, ನೀರಿನ ಮಟ್ಟ ಇಳಿದರೂ ನದೀಮುಖದಲ್ಲಿ ಹೂಳು ಹೇರಿಕೊಂಡರೂ ಸಾಕು. ನಿಜ. ಭೂಕಂಪ ಇದನ್ನು ಮಾಡಬಲ್ಲದು ಎಂಬುದು ಮಾತ್ರ ಖಚಿತ. 1929ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಬಳಿ ಭೂಮಿ ನಡುಗಿದ ಮೇಲೆ, ಕುಸಿದ ಕೆಸರಿನ ಹೊಡೆತಕ್ಕೆ ಅಟ್ಲಾಂಟಿಕ್ ತಳದ ಟೆಲಿಗ್ರಾಫ್ ಕೇಬಲ್‌ಗಳು ಒಂದರ ಹಿಂದೊಂದು ತುಂಡಾದವು. ಕಾರಣ ಯಾವುದೆಂದು ತಿಳಿಯಲೆಂದೇ ಸಂಶೋಧಕರು ದಪ್ಪ ಪದರದ ಕೆಳಗಿನ ಎಳೆಗಳನ್ನು ಪರೀಕ್ಷಿಸುತ್ತಾರೆ. ಅವು ಇದ್ದಲ್ಲೇ ಅಲೆಯಾಗಿ ಮಡಚಿಕೊಂಡಿದ್ದರೆ, ಚೂರಾಗಿ ಬೆರೆತಿದ್ದರೆ, ತಳವೇ ಅಲುಗಾಡಿತ್ತೆಂದು ಅರ್ಥ. 2020ರಲ್ಲಿ ಪ್ರಕಟವಾದ ಮೃತ ಸಮುದ್ರದ ದೀರ್ಘ ಭೂಕಂಪ ದಾಖಲೆಗೆ ಇಂಥ ಮಡಿಕೆಗಳೇ ಆಧಾರ. ಮಡಿಕೆ ಇಲ್ಲದ ಕಡೆ ಕಾರಣವನ್ನು ತೆರೆದಿಡಬೇಕು. ಕಾರಣ ಯಾವುದೇ ಇರಲಿ, ಪ್ರಾಚೀನ ಮಳೆಯನ್ನು ಲೆಕ್ಕ ಹಾಕುವವರು ಈ ಪದರಗಳನ್ನು ಮೊದಲು ಬೇರ್ಪಡಿಸಲೇಬೇಕು. ವರ್ಷಕ್ಕೆ ಮಿಲಿಮೀಟರಿನಷ್ಟು ಹೂಳು ಕೂರುವ ತಳದಲ್ಲಿ 30 ಸೆಂಟಿಮೀಟರ್ ದಪ್ಪದ ಕುಸಿತ 300 ವರ್ಷಗಳ ಜಾಗ ಹಿಡಿಯುತ್ತದೆ, ಅದು ಕೂತದ್ದು ಕೆಲವೇ ದಿನಗಳಲ್ಲಾದರೂ.